ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಮತ್ತು ಕ್ಯಾನ್ಸರ್ ಪರಿಹಾರ ನಿಧಿ

ನಮ್ಮ ಚೆನ್ನೈ ನಗರದ ದಕ್ಷಿಣ ಭಾಗದಲ್ಲಿ, ಅಡ್ಯಾರು ನದಿಯನ್ನು ದಾಟಿದ ಮೇಲೆ, ಬಕಿಂಗ್‌ಹ್ಯಾಮ್ ಕಾಲುವೆಯ ಮಗ್ಗುಲಿಗೆ ಗಾಂಧೀನಗರವೆಂಬ ಬಡಾವಣೆಯುಂಟು. ಅಲ್ಲಿ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಎಂಬ ದೊಡ್ಡ ಆಸ್ಪತ್ರೆಯಿದೆ. ಅದರ ಹೆಸರಿನ ಮುಂದೆ ಡಬ್ಲ್ಯು, ಐ, ಎ ಎಂಬ ಮೂರು ಅಕ್ಷರಗಳನ್ನು ಬರೆದಿರುವುದನ್ನು ನಮ್ಮ ಶಾಲೆಯ ವಿದ್ಯಾರ್ಥಿಗಳಲ್ಲಿ ಅನೇಕರು ಬಸ್ಸಿನಿಂದ ನೋಡಿರಬಹುದು. ಅದು ಯಾವುದೋ ವಿಲಾಯತಿ ಪದವಿಯ ಹೆಸರಾಗಿರಬೇಕೆಂದು ಭಾವಿಸಿದವರೂ ಇರಬಹುದು. ನಿಜವಾಗಿ ಅದು ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್, ಎಂದರೆ ಭಾರತೀಯ ಮಹಿಳಾ ಸಂಘ ಎಂಬುದರ ಸಂಕ್ಷೇಪ. ಇಷ್ಟು ದೊಡ್ಡ ಆಸ್ಪತ್ರೆಯನ್ನು ಹುಟ್ಟಿಸಿದ್ದು ಸರ್ಕಾರವಲ್ಲ, ಯಾವನೊಬ್ಬ ಕೋಟ್ಯಧೀಶನೂ ಅಲ್ಲ. ಸ್ತ್ರೀಯರ ಒಂದು ಸಂಘವು ಚಂದಾ ಎತ್ತಿ ಕೂಡಿಸಿದ ಹಣ ಅದನ್ನು ಹುಟ್ಟಿಸಿತು. ಆ ಹಣಕ್ಕಾಗಿ ಅರವತ್ತು ದಾಟಿದ ವಯಸ್ಸಿನಲ್ಲಿ ಜನರ ಮುಂದೆ ಕೈಯೊಡ್ಡಿದವರು ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು.

ದಾನಧರ್ಮಗಳು ಮದರಾಸಿಗೆ ಹೊಸವಲ್ಲ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಕ್ಷಾಮ ಬಂದಾಗ ಗಂಜಿ ಹಾಕಲು ಆರಂಭವಾದ ಮಣೇಗಾರ್ ಛತ್ರ, ಸೆಂಟ್ರಲ್ ರೈಲ್ವೆ ನಿಲ್ದಾಣದ ಎದುರಿಗಿರುವ ರಾಜಾ ಸರ್ ರಾಮಸ್ವಾಮಿ ಮುದಲಿಯಾರ್ ಛತ್ರ, 1794ರಲ್ಲಿ ತೀರಿಕೊಂಡ ಪಚ್ಚೈಯಪ್ಪ ಮುದಲಿಯಾರರು ಬಿಟ್ಟುಹೋದ ಆಸ್ತಿಯಿಂದ 1842ರಲ್ಲಿ ಆರಂಭವಾದ ವಿದ್ಯಾಶಾಲೆ, ಇವೆಲ್ಲ ಈ ಊರಿನ ಉದಾರಬುದ್ಧಿಗೆ ಸಾಕ್ಷಿಗಳಾಗಿವೆ. ಆದರೆ ಹಸಿದವನಿಗೆ ಅನ್ನ, ದಾರಿಹೋಕನಿಗೆ ತಂಗಲು ಸ್ಥಳ, ಬಾಲಕನಿಗೆ ವಿದ್ಯೆ, ಇವುಗಳ ಫಲ ದಾನಿಯ ಕಣ್ಣಿಗೆ ಕಾಣುತ್ತದೆ. ಗುಣವಾಗದೆಂದು ಊರೇ ನಿಶ್ಚಯಿಸಿಬಿಟ್ಟ ಒಂದು ವ್ಯಾಧಿಗಾಗಿ ಹಣ ಕೊಡಿರೆಂದು ಕೇಳುವುದು ಬೇರೆಯೇ ಮಾತು. ಅದನ್ನು ಕೇಳುವ ಧೈರ್ಯ ಒಬ್ಬ ಸ್ತ್ರೀಗೆ ಎಲ್ಲಿಂದ ಬಂದಿತೆಂಬುದನ್ನು ತಿಳಿಯಬೇಕಾದರೆ ಆಕೆಯ ಬಾಲ್ಯದಿಂದ ಮೊದಲುಮಾಡಬೇಕು.

ಮುತ್ತುಲಕ್ಷ್ಮಿಯವರು 1886ನೆಯ ಇಸವಿ ಜುಲೈ 30ರಂದು ಪುದುಕ್ಕೋಟೆ ಸಂಸ್ಥಾನದಲ್ಲಿ ಜನಿಸಿದರು. ತಂದೆ ನಾರಾಯಣಸ್ವಾಮಿ ಅಯ್ಯರ್ ಅಲ್ಲಿಯ ಮಹಾರಾಜರ ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದ ವಿದ್ವಾಂಸರು. ತಾಯಿ ಚಂದ್ರಮ್ಮಾಳ್ ದೇವಾಲಯದ ಸಂಗೀತ ನೃತ್ಯಗಳಿಗೆ ಮೀಸಲಾಗಿದ್ದ ದೇವದಾಸಿ ಕುಲಕ್ಕೆ ಸೇರಿದವರು. ಈ ಸಂಬಂಧದಿಂದಾಗಿ ತಂದೆಯ ಬಂಧುವರ್ಗದವರು ಅವರನ್ನು ದೂರವಿಟ್ಟರು. ಹೀಗೆ ಆ ಮನೆಯ ಮಕ್ಕಳು ಎರಡು ಕುಲಗಳ ನಡುವೆ, ಯಾವುದಕ್ಕೂ ಪೂರ್ತಿಯಾಗಿ ಸೇರದವರಾಗಿ ಬೆಳೆದರು. ಹುಡುಗಿಗೆ ಓದಿನಲ್ಲಿ ಅತ್ಯಾಸಕ್ತಿ. ಬೇಗನೆ ಮದುವೆಮಾಡಿ ಮುಗಿಸಬೇಕೆಂದು ತಾಯಿಯ ಅಪೇಕ್ಷೆ. ತಂದೆಯು ಮಗಳ ಪಕ್ಷ ವಹಿಸಿ, ಶಾಲೆಯ ಮೆಟ್ಟಿಲು ಹತ್ತಲು ಸಾಧ್ಯವಿಲ್ಲದ ಕಾಲದಲ್ಲಿ ಮನೆಯಲ್ಲಿಯೇ ಪಾಠ ಹೇಳಿ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಸಿದ್ಧಪಡಿಸಿದರು.

ಪರೀಕ್ಷೆಯೇನೋ ಆಯಿತು. ಮುಂದೆ ಕಾಲೇಜು ಸೇರಬೇಕು. ಊರಿನಲ್ಲಿದ್ದುದು ಗಂಡುಹುಡುಗರ ಕಾಲೇಜು ಒಂದೇ. ಹುಡುಗಿಯೊಬ್ಬಳು ಅಲ್ಲಿ ಕುಳಿತರೆ ಬಾಲಕರ ಶೀಲ ಕೆಡುವುದೆಂದು ದೊಡ್ಡವರು ಗದ್ದಲವೆಬ್ಬಿಸಿದರು. ಮಹಾರಾಜ ಮಾರ್ತಾಂಡ ಭೈರವ ತೊಂಡೈಮಾನರು ಮಾತ್ರ ಈ ಗದ್ದಲಕ್ಕೆ ಕಿವಿಗೊಡದೆ ಆಕೆಗೆ ಪ್ರವೇಶ ಕೊಡಿಸಿದರು. ಆದರೂ ಮುಚ್ಚಿದ ಗಾಡಿಯಲ್ಲಿ ಬರಬೇಕು, ತರಗತಿಯಲ್ಲಿ ಪರದೆಯ ಹಿಂದೆ ಕುಳಿತುಕೊಳ್ಳಬೇಕು, ಪಾಠ ಮುಗಿದಾಗ ಆಕೆ ಹೊರಟುಹೋದ ಮೇಲೆಯೇ ಗಂಟೆ ಬಾರಿಸಿ ಹುಡುಗರನ್ನು ಬಿಡಬೇಕು. ಇಂದು ಒಂದೇ ಬೆಂಚಿನ ಸಾಲಿನಲ್ಲಿ ಕುಳಿತು ಓದುವ ನಮ್ಮ ಬಾಲಕಬಾಲಿಕೆಯರಿಗೆ ಇದು ಕಟ್ಟುಕಥೆಯಂತೆ ತೋರಬಹುದು. ಆ ಪರದೆಯ ಹಿಂದಿನಿಂದಲೇ ಪಾಠ ಕೇಳಿ ಆಕೆ ತೇರ್ಗಡೆಯಾದರು.

1907ರಲ್ಲಿ ಅವರು ಮದರಾಸಿನ ಮೆಡಿಕಲ್ ಕಾಲೇಜನ್ನು ಸೇರಿದರು. ಪುದುಕ್ಕೋಟೆಯ ಮಹಾರಾಜರು ವಿದ್ಯಾರ್ಥಿವೇತನವನ್ನು ಕೊಟ್ಟರು. ಇಲ್ಲಿ ಪರದೆಯಿರಲಿಲ್ಲ, ಆದರೆ ಬೇರೆ ಬಗೆಯ ಅಡ್ಡಿಯಿದ್ದಿತು. ಶಸ್ತ್ರಚಿಕಿತ್ಸೆಯನ್ನು ಕಲಿಸುತ್ತಿದ್ದ ಆಂಗ್ಲ ಪ್ರಾಧ್ಯಾಪಕರು ಸ್ತ್ರೀಯರನ್ನು ತಮ್ಮ ತರಗತಿಯೊಳಕ್ಕೆ ಬಿಡುತ್ತಿರಲಿಲ್ಲ. ಮುತ್ತುಲಕ್ಷ್ಮಿಯವರು ಅದೇ ವಿಷಯದಲ್ಲಿ ಅಗ್ರಸ್ಥಾನ ಪಡೆದ ಮೇಲೆ ಆ ಪ್ರಾಧ್ಯಾಪಕರು ತಮ್ಮ ನಿಯಮವನ್ನು ಸಡಿಲಿಸಬೇಕಾಯಿತು. 1912ರಲ್ಲಿ ವೈದ್ಯಪದವಿ ದೊರೆಯಿತು. 1914ರಲ್ಲಿ ಡಾಕ್ಟರ್ ಟಿ. ಸುಂದರ ರೆಡ್ಡಿಯವರೊಡನೆ ವಿವಾಹವಾಯಿತು. ಪತಿಯು ತನ್ನನ್ನು ಸರಿಸಮಾನಳೆಂದು ಗೌರವಿಸಬೇಕು, ತನ್ನ ಇಷ್ಟದ ಕಾರ್ಯಗಳಿಗೆ ಅಡ್ಡಬರಬಾರದು ಎಂಬ ಕರಾರನ್ನು ಮೊದಲೇ ಒಪ್ಪಿಸಿಕೊಂಡು ಆಕೆ ಈ ವಿವಾಹಕ್ಕೆ ಸಮ್ಮತಿಸಿದರು. ಸುಂದರ ರೆಡ್ಡಿಯವರು ಕರಾರನ್ನು ಒಪ್ಪಿದರು. ಒಪ್ಪಿದಂತೆ ನಡೆದುಕೊಂಡರು ಕೂಡ. ಇಂಥ ಪತಿಗಳ ವಿಷಯವನ್ನು ಚರಿತ್ರಕಾರರು ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ. ನಾನೂ ಹಾಗೆಯೇ ಮಾಡುತ್ತಿರುವೆನಾದರೂ ಅದು ನ್ಯಾಯವಲ್ಲವೆಂದು ಬಲ್ಲೆ.

ಆಕೆಯ ಜೀವನದ ದಿಕ್ಕನ್ನು ಬದಲಿಸಿದ ಸಂಗತಿ 1920ರ ದಶಕದ ಮೊದಲ ವರ್ಷಗಳಲ್ಲಿ ನಡೆಯಿತು. ಅವರ ತಂಗಿಗೆ ಹೊಟ್ಟೆಯ ವ್ಯಾಧಿ ಹಿಡಿಯಿತು. ಆಮಶಂಕೆಯೆಂದು ತಿಳಿದು ಬಹುಕಾಲ ಅದಕ್ಕೇ ಔಷಧ ಕೊಡಲಾಯಿತು. ಕೊನೆಗೆ ಅದು ಗುದನಾಳದ ಕ್ಯಾನ್ಸರ್ ಎಂದು ತಿಳಿಯುವಷ್ಟರಲ್ಲಿ ಸಮಯ ಮೀರಿಹೋಗಿತ್ತು. ಸ್ವತಃ ವೈದ್ಯಳಾಗಿದ್ದ ಅಕ್ಕನ ಕಣ್ಣೆದುರಿಗೇ ತಂಗಿ ಯಾತನೆಪಟ್ಟು ತೀರಿಕೊಂಡಳು. ಮಾಡಬಹುದಾದುದು ಏನೂ ಉಳಿದಿರಲಿಲ್ಲ.

ಈ ರೋಗದ ವಿಷಯವಾಗಿ ಇಲ್ಲಿ ಎರಡು ಮಾತು ಹೇಳುವುದು ಅವಶ್ಯಕ. ನಮ್ಮ ಹಿರಿಯರು ಇದನ್ನು ಅರ್ಬುದವೆಂದೂ ಏಡಿಗಂತಿಯೆಂದೂ ಕರೆದರು. ಶರೀರದ ಜೀವಕೋಶಗಳು ನಿಯಮದಂತೆ ಬೆಳೆದು, ನಿಯಮದಂತೆ ಸಾಯಬೇಕು. ಕೆಲವು ಕೋಶಗಳು ಈ ಕಟ್ಟಳೆಯನ್ನು ಮುರಿದು ಮಿತಿಯಿಲ್ಲದೆ ಹೆಚ್ಚುತ್ತ ಹೋಗಿ, ಪಕ್ಕದ ಅಂಗಗಳನ್ನು ಆಕ್ರಮಿಸಿ, ರಕ್ತದ ಮೂಲಕ ದೂರದ ಅಂಗಗಳಿಗೂ ಹಬ್ಬುವುದೇ ಕ್ಯಾನ್ಸರ್. ಅದು ಒಬ್ಬರಿಂದ ಒಬ್ಬರಿಗೆ ಅಂಟುವ ಜಾಡ್ಯವಲ್ಲ. ಆರಂಭದಲ್ಲಿ ಬಹಳ ವೇಳೆ ನೋವೇ ಇರುವುದಿಲ್ಲ. ಆದಕಾರಣ ರೋಗಿಯು ಅಲಕ್ಷ್ಯಮಾಡುತ್ತಾನೆ. ನೋವು ಕಾಣಿಸಿಕೊಂಡು ವೈದ್ಯರ ಬಳಿಗೆ ಬರುವ ಹೊತ್ತಿಗೆ ರೋಗವು ಬೇರೂರಿರುತ್ತದೆ. ತಡವಾಗಿ ಬಂದವರು ಸಾಯುವುದನ್ನು ಜನರು ನೋಡುತ್ತಾರೆ. ನೋಡಿ ಈ ರೋಗಕ್ಕೆ ಮದ್ದಿಲ್ಲವೆಂದು ನಂಬುತ್ತಾರೆ. ಮದ್ದಿಲ್ಲವೆಂದು ನಂಬಿದ್ದರಿಂದ ಮತ್ತಷ್ಟು ತಡವಾಗಿ ಬರುತ್ತಾರೆ. ಅಂದಿನ ಮದರಾಸು ಈ ಸುಳಿಯಲ್ಲಿ ಸಿಕ್ಕಿಕೊಂಡಿತ್ತು.

1925ರಲ್ಲಿ ಮುತ್ತುಲಕ್ಷ್ಮಿಯವರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಸ್ತ್ರೀಯರ ಮತ್ತು ಮಕ್ಕಳ ರೋಗಗಳ ವಿಶೇಷ ಅಧ್ಯಯನಕ್ಕಾಗಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನಲ್ಲಿ ಕ್ಯಾನ್ಸರಿಗಾಗಿಯೇ ಮೀಸಲಾದ ರಾಯಲ್ ಕ್ಯಾನ್ಸರ್ ಆಸ್ಪತ್ರೆಯನ್ನು ಕಂಡರು. ಆರಂಭದಲ್ಲಿಯೇ ಗುರುತಿಸಿದ ರೋಗಿಗಳು ಶಸ್ತ್ರಚಿಕಿತ್ಸೆಯಿಂದಲೂ ಕಿರಣಚಿಕಿತ್ಸೆಯಿಂದಲೂ ಗುಣಹೊಂದಿ ಮನೆಗೆ ಹೋಗುತ್ತಿದ್ದುದನ್ನು ಅಲ್ಲಿ ನೋಡಿದರು. ಇಂಥದೊಂದು ಆಸ್ಪತ್ರೆ ತನ್ನ ಊರಿನಲ್ಲಿಯೂ ಆಗಬೇಕೆಂಬ ಸಂಕಲ್ಪ ಅವರ ಮನಸ್ಸಿನಲ್ಲಿ ಅಂದೇ ನೆಲೆಗೊಂಡಿತು. ಅದು ಕೈಗೂಡಲು ಇಪ್ಪತ್ತೆಂಟು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಈಗ ಆ ಮೂರು ಅಕ್ಷರಗಳ ಸಂಘದ ಕಡೆಗೆ ತಿರುಗೋಣ. ಭಾರತೀಯ ಮಹಿಳಾ ಸಂಘವು 1917ರ ಮೇ ತಿಂಗಳಲ್ಲಿ ಅಡ್ಯಾರಿನಲ್ಲಿ ಸ್ಥಾಪನೆಯಾಯಿತು. ಆನಿ ಬೆಸೆಂಟರು ಅದರ ಅಧ್ಯಕ್ಷೆ. ಐರ್ಲೆಂಡಿನಿಂದ ಬಂದ ಮಾರ್ಗರೆಟ್ ಕಸಿನ್ಸ್ ಮತ್ತು ಡೊರೊಥಿ ಜಿನರಾಜದಾಸ ಇಬ್ಬರೂ ಅದರ ಮುಖ್ಯ ಕಾರ್ಯಕರ್ತೆಯರು. ಕನ್ನಡಿಗರಾದ ನಾವು ಕಸಿನ್ಸ್ ಎಂಬ ಹೆಸರನ್ನು ಬೇರೊಂದು ಕಾರಣಕ್ಕಾಗಿಯೂ ನೆನೆಯಬೇಕು. ಈ ಮಾರ್ಗರೆಟರ ಪತಿ ಜೇಮ್ಸ್ ಕಸಿನ್ಸ್ ಎಂಬ ಕವಿಯು 1924ರಲ್ಲಿ ಮೈಸೂರಿಗೆ ಬಂದಿದ್ದಾಗ, ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ತರುಣರೊಬ್ಬರು ತಮ್ಮ ಕವಿತೆಗಳನ್ನು ಅವರಿಗೆ ತೋರಿಸಿದರು. ಮಾತೃಭಾಷೆಯಲ್ಲಿ ಬರೆಯಬಾರದೇಕೆಂದು ಆ ಪರದೇಶದ ಕವಿ ಕೇಳಿದರು. ಆ ತರುಣರೇ ನಮ್ಮ ಕುವೆಂಪು. ಪತಿಯ ಮಾತಿನಿಂದ ಕನ್ನಡಕ್ಕೆ ಲಾಭವಾದಂತೆಯೇ, ಪತ್ನಿಯ ಸಂಘಟನೆಯಿಂದ ದಕ್ಷಿಣ ದೇಶದ ಸ್ತ್ರೀಯರಿಗೆ ಲಾಭವಾಯಿತು.

ಸ್ತ್ರೀಯರಿಗೆ ಮತದ ಹಕ್ಕು ಬೇಕೆಂದು ಹೋರಾಡಿದ ಸಂಘ ಇದು. 1926ರಲ್ಲಿ ಸ್ತ್ರೀಯರು ಶಾಸನಸಭೆಯ ಸದಸ್ಯರೂ ಆಗಬಹುದೆಂದಾದಾಗ, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಮದರಾಸು ಶಾಸನಸಭೆಯ ಚುನಾವಣೆಗೆ ನಿಂತು ಅಲ್ಪ ಮತಗಳ ಅಂತರದಿಂದ ಸೋತರು. ಅನಂತರ ಮಹಿಳಾ ಸಂಘದ ಸೂಚನೆಯಂತೆ ಸರ್ಕಾರವು ಮುತ್ತುಲಕ್ಷ್ಮಿಯವರನ್ನು ಆ ಸಭೆಗೆ ನಾಮಕರಣ ಮಾಡಿತು. ಬ್ರಿಟಿಷ್ ಭಾರತದಲ್ಲಿ ಶಾಸನಸಭೆಯ ಸದಸ್ಯತ್ವ ಪಡೆದ ಮೊದಲ ಮಹಿಳೆ ಅವರೇ. ಸಭೆಯು ಅವರನ್ನು ಉಪಾಧ್ಯಕ್ಷೆಯನ್ನಾಗಿಯೂ ಆರಿಸಿತು. ಶಾಲೆಗಳಲ್ಲಿ ಮಕ್ಕಳ ಆರೋಗ್ಯವನ್ನು ವೈದ್ಯರು ಪರೀಕ್ಷಿಸಬೇಕು, ಬಾಲ್ಯವಿವಾಹ ನಿಲ್ಲಬೇಕು ಎಂಬ ವಿಷಯಗಳನ್ನು ಅವರು ಅಲ್ಲಿ ಎತ್ತಿದರು. ಆದರೆ ಅವರ ಹೆಸರು ಊರೂರಿಗೆ ತಿಳಿದದ್ದು ದೇವದಾಸಿ ಪದ್ಧತಿಯನ್ನು ನಿಲ್ಲಿಸಬೇಕೆಂದು ಅವರು ತಂದ ಮಸೂದೆಯಿಂದ.

ಎಳೆಯ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ದೇವಾಲಯಕ್ಕೆ ಒಪ್ಪಿಸಿ, ಅವರು ಗೃಹಸ್ಥಜೀವನ ಕಾಣದಂತೆ ಮಾಡುತ್ತಿದ್ದ ಈ ಪದ್ಧತಿಯ ದುಃಖವನ್ನು ಮುತ್ತುಲಕ್ಷ್ಮಿಯವರು ತಾಯಿಯ ಮನೆಯಲ್ಲಿಯೇ ಅರಿತಿದ್ದರು. ಮೈಸೂರು ಸಂಸ್ಥಾನವು ತನ್ನ ಮುಜರಾಯಿ ದೇವಾಲಯಗಳಲ್ಲಿ ಈ ಸೇವೆಯನ್ನು 1909ರಲ್ಲಿಯೇ ನಿಲ್ಲಿಸಿದ್ದಿತು. ಸಂಸ್ಥಾನವು ಮಾಡಿದ್ದನ್ನು ಬ್ರಿಟಿಷ್ ಪ್ರಾಂತವು ಮಾಡಲಾರದೆ ಎಂಬುದು ನ್ಯಾಯವಾದ ಪ್ರಶ್ನೆಯಾಗಿತ್ತು. ಸಭೆಯಲ್ಲಿ ವಿರೋಧ ಬಲವಾಗಿತ್ತು. ವಿರೋಧಿಸಿದವರೆಲ್ಲ ದುರ್ಜನರೆಂದು ತಿಳಿಯಬಾರದು. ನಂಜನಗೂಡಿನಲ್ಲಿ ಹುಟ್ಟಿ, ಮದರಾಸಿನಲ್ಲಿ ನೆಲೆಸಿ, ತಿರುವೈಯಾರಿನಲ್ಲಿ ತ್ಯಾಗರಾಜಸ್ವಾಮಿಗಳ ಸಮಾಧಿಗೆ ಸ್ವಂತ ಹಣದಿಂದ ಗುಡಿ ಕಟ್ಟಿಸಿದ ವಿದುಷಿ ಬೆಂಗಳೂರು ನಾಗರತ್ನಮ್ಮನವರು ದೇವದಾಸಿಯರ ಸಂಘದ ಮುಖ್ಯಸ್ಥೆಯಾಗಿ ಈ ಮಸೂದೆಯನ್ನು ಎದುರಿಸಿದರು. ಕಲೆಯನ್ನೇ ಬದುಕಾಗಿಸಿಕೊಂಡ ಸ್ತ್ರೀಯರನ್ನೆಲ್ಲ ಒಂದೇ ಮಾತಿನಲ್ಲಿ ಪತಿತರೆಂದು ಕರೆಯುವುದು ಸರಿಯಲ್ಲವೆಂಬುದೂ, ತಲೆಮಾರುಗಳಿಂದ ಬಂದ ಭೂಮಿಕಾಣಿ ಕೈಬಿಟ್ಟುಹೋದೀತೆಂಬುದೂ ಅವರ ಅಳಲು. ಇಬ್ಬರ ಮಾತಿನಲ್ಲಿಯೂ ಸತ್ಯವಿದ್ದಿತೆಂದೇ ನನ್ನ ಅಭಿಪ್ರಾಯ. ಆದರೆ ಒಪ್ಪಿಸಲ್ಪಡುತ್ತಿದ್ದ ಮಗುವಿನ ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲ; ಆ ಮಗುವಿನ ಪರವಾಗಿ ನಿಂತವರು ಮುತ್ತುಲಕ್ಷ್ಮಿಯವರು.

1929ರ ಕಾನೂನು ದೇವದಾಸಿಯರ ಇನಾಮು ಭೂಮಿಗಳನ್ನು ದೇವಾಲಯದ ಸೇವೆಯ ಹಂಗಿನಿಂದ ಬಿಡಿಸಿತು. ಭೂಮಿ ಅವರಲ್ಲಿಯೇ ಉಳಿಯಿತು, ಸೇವೆಯ ಕಟ್ಟು ಹೋಯಿತು. ಪದ್ಧತಿಯನ್ನು ಪೂರ್ಣವಾಗಿ ನಿಷೇಧಿಸುವ ಕಾನೂನು ಮದರಾಸು ಪ್ರಾಂತದಲ್ಲಿ 1947ರಲ್ಲಿ ಬಂದಿತು. ಆಗ ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಮದರಾಸು ಪ್ರಾಂತಕ್ಕೆ ಸೇರಿದ್ದುದರಿಂದ, ಬಸವಿ ಬಿಡುವ ರೂಢಿ ಹೆಚ್ಚಾಗಿದ್ದ ಬಳ್ಳಾರಿ ಸೀಮೆಯ ಕನ್ನಡದ ಹೆಣ್ಣುಮಕ್ಕಳಿಗೂ ಈ ಕಾನೂನುಗಳು ಅನ್ವಯವಾದವು. ಕಾಗದದ ಮೇಲಿನ ಕಾನೂನು ಹಳ್ಳಿಯ ಗುಡಿಯವರೆಗೆ ನಡೆದುಹೋಗಲು ಬಹುಕಾಲ ಬೇಕಾಯಿತು. ಕರ್ನಾಟಕ ಸರ್ಕಾರವು 1982ರಲ್ಲಿ ಮತ್ತೊಮ್ಮೆ ಕಾನೂನು ಮಾಡಬೇಕಾಯಿತು.

1930ರಲ್ಲಿ ಮಹಾತ್ಮಾ ಗಾಂಧಿಯವರ ಬಂಧನವಾದಾಗ ಮುತ್ತುಲಕ್ಷ್ಮಿಯವರು ಶಾಸನಸಭೆಯ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಹೊರಬಂದರು. ಆ ಸುಮಾರಿಗೆ, ದೇವದಾಸಿ ಕುಲವನ್ನು ಬಿಟ್ಟು ಓದಬೇಕೆಂದು ಬಂದ ಕೆಲವು ಹುಡುಗಿಯರು ಅವರ ಮನೆಯ ಬಾಗಿಲಲ್ಲಿ ನಿಂತರು. ನಗರದ ವಿದ್ಯಾರ್ಥಿನಿಲಯಗಳು ಇವರನ್ನು ಸೇರಿಸಿಕೊಳ್ಳಲು ಒಪ್ಪಲಿಲ್ಲ. ಕಾನೂನು ಮಾಡಿಸಿದಾಕೆಯೇ ಇವರಿಗೆ ಅನ್ನವಸತಿಗಳನ್ನು ಒದಗಿಸಬೇಕಾಗಿ ಬಂದಿತು. ಮನೆಯಲ್ಲಿಯೇ ಆರಂಭವಾದ ಆ ಆಶ್ರಯಕ್ಕೆ ತಮಿಳಿನ ಪ್ರಾಚೀನ ಕವಯಿತ್ರಿಯ ಹೆಸರಿನಿಂದ ಅವ್ವೈ ಹೋಮ್ ಎಂದು ಹೆಸರಿಟ್ಟರು. ಅಡ್ಯಾರಿನ ಬೆಸೆಂಟ್ ಅವೆನ್ಯೂ ರಸ್ತೆಯಲ್ಲಿ ಅದು ಶಾಲೆಯೊಡನೆ ಬೆಳೆಯಿತು. ಪರರಿಂದ ಹಣ ಕೇಳಿ ಒಂದು ಸಂಸ್ಥೆಯನ್ನು ನಡೆಸುವ ಕಷ್ಟವನ್ನು ಮುತ್ತುಲಕ್ಷ್ಮಿಯವರು ಮೊದಲು ಕಲಿತದ್ದು ಇಲ್ಲಿಯೇ. ತಿಂಗಳ ಕೊನೆಗೆ ಅಕ್ಕಿಯ ಅಂಗಡಿಗೆ ಲೆಕ್ಕ ತೀರಿಸಲೇಬೇಕು; ಹುಡುಗಿಯರ ಹಸಿವಿಗೆ ವಾಯಿದೆ ಹೇಳಲಾಗದು.

ಇಷ್ಟೆಲ್ಲದರ ನಡುವೆಯೂ ಲಂಡನ್ನಿನ ಸಂಕಲ್ಪವನ್ನು ಅವರು ಮರೆಯಲಿಲ್ಲ. 1835ರಲ್ಲಿ ಹುಟ್ಟಿದ ಮೆಡಿಕಲ್ ಕಾಲೇಜಿಗೆ 1935ರಲ್ಲಿ ನೂರು ವರ್ಷ ತುಂಬಿದಾಗ ನಡೆದ ಉತ್ಸವದಲ್ಲಿ, ಮದರಾಸಿಗೆ ಪ್ರತ್ಯೇಕವಾದ ಕ್ಯಾನ್ಸರ್ ಆಸ್ಪತ್ರೆಯೊಂದು ಬೇಕೆಂದು ಸಾರ್ವಜನಿಕವಾಗಿ ಹೇಳಿದರು. ಸಭಿಕರು ಕೇಳಿದರು, ಉತ್ಸವ ಮುಗಿಯಿತು, ಆಸ್ಪತ್ರೆ ಆಗಲಿಲ್ಲ. 1941ರಲ್ಲಿ ಮುಂಬಯಿಯಲ್ಲಿ ಟಾಟಾ ಮನೆತನದವರ ಔದಾರ್ಯದಿಂದ ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಿತು. ಮದರಾಸಿನಲ್ಲಿ ಅಂಥ ಮನೆತನ ಮುಂದೆ ಬರಲಿಲ್ಲ.

1947ರಲ್ಲಿ ಸ್ವಾತಂತ್ರ್ಯ ಬಂದಿತು. ಇನ್ನಾದರೂ ನಮ್ಮದೇ ಸರ್ಕಾರವು ಈ ಕಾರ್ಯವನ್ನು ಕೈಗೊಂಡೀತೆಂಬ ಆಸೆ ಹುಟ್ಟಿತು. ಆದರೆ ಸರ್ಕಾರದ ಉತ್ತರ ಉತ್ಸಾಹಕರವಾಗಿರಲಿಲ್ಲ. ಜನರು ಹೇಗಿದ್ದರೂ ಸಾಯುವ ರೋಗಕ್ಕೆ ಹಣ ಸುರಿಯುವುದೇಕೆ ಎಂಬ ಭಾವನೆ ಅಧಿಕಾರದಲ್ಲಿದ್ದವರಿಗೂ ಇದ್ದಿತು. ಅವರ ಕಷ್ಟವನ್ನೂ ಅರ್ಥಮಾಡಿಕೊಳ್ಳಬೇಕು. ಸಿಡುಬು, ಕಾಲರಾ, ಮಲೇರಿಯಾ, ಕ್ಷಯಗಳು ಪ್ರತಿವರ್ಷ ಸಾವಿರಾರು ಜನರನ್ನು ಕೊಂಡೊಯ್ಯುತ್ತಿದ್ದ ಕಾಲ ಅದು. ಒಬ್ಬ ಕ್ಯಾನ್ಸರ್ ರೋಗಿಗೆ ಮಾಡುವ ವೆಚ್ಚದಲ್ಲಿ ಎಷ್ಟು ಮಂದಿಗೆ ಸಿಡುಬಿನ ದಾಕು ಹಾಕಬಹುದೆಂದು ಲೆಕ್ಕಿಸಿದರೆ ಸರ್ಕಾರದ ಮಾತು ತಪ್ಪೆನ್ನಲಾಗದು. ಆದರೆ ತಂಗಿಯ ಮಗ್ಗುಲಲ್ಲಿ ಕುಳಿತಿದ್ದಾಕೆಗೆ ಆ ಲೆಕ್ಕ ಸಮಾಧಾನ ಕೊಡಲಿಲ್ಲ.

ಕಡೆಗೆ 1949ರಲ್ಲಿ ಭಾರತೀಯ ಮಹಿಳಾ ಸಂಘದ ಆಶ್ರಯದಲ್ಲಿ ಕ್ಯಾನ್ಸರ್ ಪರಿಹಾರ ನಿಧಿ ಎಂಬುದನ್ನು ಮುತ್ತುಲಕ್ಷ್ಮಿಯವರು ಸ್ಥಾಪಿಸಿದರು. ಆಗ ಅವರಿಗೆ ಅರವತ್ತಮೂರು ವರ್ಷ. ಸರ್ಕಾರಿ ನೌಕರರು ವಿಶ್ರಾಂತಿವೇತನ ಪಡೆದು ವರ್ಷಗಳೇ ಕಳೆದಿರುವ ವಯಸ್ಸು. ನಗರದ ಶ್ರೀಮಂತರಿಂದ ಹಿಡಿದು ಸಾಧಾರಣ ಸಂಸಾರಗಳವರೆಗೆ ಎಲ್ಲರಲ್ಲಿಯೂ ಈ ನಿಧಿಗಾಗಿ ಯಾಚನೆ ನಡೆಯಿತು. ಈ ಯಾಚನೆಯಲ್ಲಿ ಒಂದು ವಿಶೇಷ ಕಷ್ಟವಿತ್ತು. ದೇವಾಲಯಕ್ಕೆ ಕೊಟ್ಟರೆ ಪುಣ್ಯ ಬರುವುದೆಂದು ದಾನಿಗೆ ಗೊತ್ತು. ಛತ್ರಕ್ಕೆ ಕೊಟ್ಟರೆ ಕಲ್ಲಿನ ಮೇಲೆ ಹೆಸರು ಕೆತ್ತುವರೆಂದು ಗೊತ್ತು. ಕ್ಯಾನ್ಸರಿಗೆ ಕೊಡುವುದೆಂದರೆ ಆ ರೋಗದ ಹೆಸರನ್ನು ಬಾಯಲ್ಲಿ ಆಡಬೇಕು. ಅನೇಕ ಮನೆಗಳಲ್ಲಿ ಅದನ್ನೂ ಅಶುಭವೆಂದು ಭಾವಿಸುತ್ತಿದ್ದರು. ಆದುದರಿಂದ ಹಣ ಕೇಳುವ ಮೊದಲು, ಈ ರೋಗ ಅಂಟುವುದಿಲ್ಲ, ಬೇಗ ಬಂದರೆ ಗುಣವಾಗುತ್ತದೆ ಎಂಬುದನ್ನು ತಿಳಿಸಬೇಕಾಗಿತ್ತು. ನಿಧಿಯ ಕೆಲಸವು ಅರ್ಧ ಹಣದ ಕೆಲಸ, ಅರ್ಧ ಪಾಠ ಹೇಳುವ ಕೆಲಸ. ನನಗೆ ತೋರುವಂತೆ ಎರಡನೆಯದೇ ಹೆಚ್ಚು ಕಠಿನವಾದುದು. ಹಣವನ್ನು ಎಣಿಸಬಹುದು, ಭಯ ಎಷ್ಟು ಕಡಮೆಯಾಯಿತೆಂದು ಎಣಿಸಲಾಗದು.

ಇಂಥ ಆಸ್ಪತ್ರೆಗೆ ಇಷ್ಟೊಂದು ಹಣವೇಕೆ ಬೇಕೆಂದು ಕೆಲವರಿಗೆ ತೋರಬಹುದು. ಜ್ವರ ಬಂದವನಿಗೆ ಔಷಧದ ಸೀಸೆ ಕೊಟ್ಟು ಕಳುಹಿಸಿದಂತೆ ಇವರನ್ನು ಕಳುಹಿಸಲಾಗದು. ಕಿರಣಚಿಕಿತ್ಸೆಯನ್ನು ಸ್ವಲ್ಪ ಸ್ವಲ್ಪವಾಗಿ ಎಷ್ಟೋ ವಾರಗಳ ಕಾಲ ಕೊಡಬೇಕು. ಹಳ್ಳಿಯಿಂದ ಬಂದ ರೋಗಿಯು ಅಷ್ಟು ದಿನ ಕೆಲಸ ಬಿಟ್ಟು ನಗರದಲ್ಲಿ ತಂಗಬೇಕು, ಜೊತೆಗೆ ಒಬ್ಬರು ಇರಬೇಕು, ಇಬ್ಬರಿಗೂ ಊಟವಾಗಬೇಕು. ಯಂತ್ರಗಳು ಪರದೇಶದಿಂದ ಬರಬೇಕು. ಚಿಕಿತ್ಸೆ ಮುಗಿದ ಮೇಲೂ ರೋಗಿಯನ್ನು ವರ್ಷಗಟ್ಟಲೆ ಕರೆಸಿ ನೋಡಬೇಕು. ಛತ್ರವನ್ನು ಒಮ್ಮೆ ಕಟ್ಟಿದರೆ ತಲೆಮಾರು ನಿಲ್ಲುತ್ತದೆ. ಆಸ್ಪತ್ರೆಗೆ ಪ್ರತಿದಿನವೂ ಕೊಡುವವರು ಬೇಕು.

ಹಣದಷ್ಟೇ ಮುಖ್ಯವಾದುದು ಕೆಲಸ ತಿಳಿದ ವೈದ್ಯರು. ಮುತ್ತುಲಕ್ಷ್ಮಿಯವರ ಕಿರಿಯ ಮಗ ಡಾಕ್ಟರ್ ಕೃಷ್ಣಮೂರ್ತಿಯವರು ಅಮೆರಿಕಾ ದೇಶದಲ್ಲಿ ಕ್ಯಾನ್ಸರ್ ಚಿಕಿತ್ಸೆಯ ತರಬೇತು ಪಡೆದು ಬಂದರು. ಬೇರೆಡೆಯಲ್ಲಿ ಧನಾರ್ಜನೆಗೆ ಅವಕಾಶವಿದ್ದಾಗ ಅವರು ತಾಯಿಯ ನಿಧಿಯ ಕೆಲಸಕ್ಕೆ ಕೈಜೋಡಿಸಿದರು. 1952ರ ಅಕ್ಟೋಬರ್ 10ರಂದು ಪ್ರಧಾನಮಂತ್ರಿ ಜವಾಹರಲಾಲ್ ನೆಹರೂರವರು ಅಡ್ಯಾರಿನಲ್ಲಿ ಆಸ್ಪತ್ರೆಯ ಅಸ್ತಿಭಾರದ ಶಿಲೆಯನ್ನಿಟ್ಟರು. 1954ರ ಜೂನ್ 18ರಂದು ಆಸ್ಪತ್ರೆ ಕೆಲಸ ಆರಂಭಿಸಿತು. ಮಹಡಿಯಿಲ್ಲದ ಚಿಕ್ಕ ಕಟ್ಟಡ, ಹನ್ನೆರಡು ಹಾಸಿಗೆಗಳು, ಅತ್ಯಲ್ಪ ಉಪಕರಣಗಳು. ಸಿಬ್ಬಂದಿಯನ್ನು ಬೆರಳಲ್ಲಿ ಎಣಿಸಬಹುದಾಗಿತ್ತು. ಲಂಡನ್ನಿನ ಆಸ್ಪತ್ರೆಯನ್ನು ಕಂಡವರ ಕಣ್ಣಿಗೆ ಇದು ಎಷ್ಟು ಸಣ್ಣದಾಗಿ ತೋರಿರಬೇಕು! ಆದರೂ ದಕ್ಷಿಣ ಭಾರತದಲ್ಲಿ ಈ ರೋಗಕ್ಕಾಗಿಯೇ ತೆರೆದ ಬಾಗಿಲು ಅದೊಂದೇ ಆಗಿತ್ತು.

ಮರುವರ್ಷ, 1955ರಲ್ಲಿ, ಇಪ್ಪತ್ತೆಂಟು ವರ್ಷದ ವೈದ್ಯೆಯೊಬ್ಬರು ಇಲ್ಲಿಗೆ ಬಂದು ಸೇರಿದರು. ಅವರು ಡಾಕ್ಟರ್ ವಿ. ಶಾಂತಾ. ಬೆಂಗಳೂರಿನಲ್ಲಿ ಸಂಶೋಧನಾಲಯ ಸ್ಥಾಪಿಸಿದ ಸರ್ ಸಿ. ವಿ. ರಾಮನ್ನರ ಬಂಧುವರ್ಗದವರು. ಸರ್ಕಾರಿ ಆಸ್ಪತ್ರೆಯ ಒಳ್ಳೆಯ ಉದ್ಯೋಗ ಕೈಗೆ ಬಂದಿದ್ದರೂ ಅದನ್ನು ಬಿಟ್ಟು ಈ ಹನ್ನೆರಡು ಹಾಸಿಗೆಗಳ ಆಸ್ಪತ್ರೆಯನ್ನು ಆರಿಸಿಕೊಂಡುದನ್ನು ನೋಡಿ ಅವರ ಹಿತೈಷಿಗಳು ಆಶ್ಚರ್ಯಪಟ್ಟರು. ಮೊದಲು ಕೆಲವು ವರ್ಷ ವೇತನವಿಲ್ಲದೆ ದುಡಿದರು. ಅನಂತರ ತಿಂಗಳಿಗೆ 200 ರೂಪಾಯಿ ಮತ್ತು ಆವರಣದಲ್ಲಿಯೇ ವಾಸಕ್ಕೆ ಸ್ಥಳ. ಸಂಸ್ಥೆಯ ಹಣಕಾಸಿನ ಸ್ಥಿತಿ ಹೇಗಿತ್ತೆಂಬುದನ್ನು ತಿಳಿಯಲು ಈ ಒಂದು ಅಂಕಿಯೇ ಸಾಕು. ನಿಧಿಗಾಗಿ ಜನರ ಬಳಿಗೆ ಹೋಗುವುದು ಈ ಇಬ್ಬರು ವೈದ್ಯರಿಗೂ ಚಿಕಿತ್ಸೆಯಷ್ಟೇ ನಿತ್ಯದ ಕೆಲಸವಾಯಿತು.

ರೋಗಿಗಳು ಗುಣಹೊಂದಿ ಊರಿಗೆ ಮರಳತೊಡಗಿದರು. ಅವರನ್ನು ಕಂಡ ನೆರೆಹೊರೆಯವರಿಗೆ ಯಾವ ಭಾಷಣವೂ ಕೊಡದ ನಂಬಿಕೆ ಬಂದಿತು. 1950ರ ದಶಕ ಮುಗಿಯುವ ಮೊದಲೇ ಕೋಬಾಲ್ಟ್ ಕಿರಣಗಳಿಂದ ಚಿಕಿತ್ಸೆಮಾಡುವ ಯಂತ್ರವು ಕೆನಡಾ ದೇಶದಿಂದ ಬಂದಿತು. ನಮ್ಮ ದೇಶಕ್ಕೆ ಬಂದ ಅಂಥ ಯಂತ್ರಗಳಲ್ಲಿ ಮೊದಮೊದಲಿನವುಗಳಲ್ಲಿ ಅದೊಂದು. ಕ್ಯಾನ್ಸರ್ ತಗುಲಿದ ಮಕ್ಕಳಿಗಾಗಿ ಪ್ರತ್ಯೇಕ ವಿಭಾಗವು 1960ರ ಸುಮಾರಿಗೆ ಆರಂಭವಾಯಿತು. ರೋಗಿಗಳು ತಾವಾಗಿ ಬರುವವರೆಗೆ ಕಾಯದೆ, ಕಾಂಚೀಪುರದ ಕಡೆಯ ಹಳ್ಳಿಗಳಿಗೆ ಹೋಗಿ ರೋಗವನ್ನು ಆರಂಭದಲ್ಲಿಯೇ ಹುಡುಕುವ ಪ್ರಯತ್ನವನ್ನೂ 1960ರ ದಶಕದಲ್ಲಿ ಕೈಗೊಂಡರು. ತಂಗಿಯ ವಿಷಯದಲ್ಲಿ ಆಗದೆ ಹೋದುದು ಇದೇ ಅಲ್ಲವೇ?

ಭಾರತ ಸರ್ಕಾರವು 1956ರಲ್ಲಿ ಮುತ್ತುಲಕ್ಷ್ಮಿಯವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. ಅವ್ವೈ ಹೋಮ್ ಮತ್ತು ಆಸ್ಪತ್ರೆ, ಈ ಎರಡರ ಚಿಂತೆಯಲ್ಲಿಯೇ ಅವರ ಕೊನೆಯ ವರ್ಷಗಳು ಕಳೆದವು. 1968ರ ಜುಲೈ 22ರಂದು, ಎಂಬತ್ತೆರಡು ವರ್ಷ ತುಂಬಲು ಎಂಟು ದಿನಗಳಿರುವಾಗ ಅವರು ದೇಹವನ್ನು ಬಿಟ್ಟರು. ತಮಿಳುನಾಡು ಸರ್ಕಾರವು ಬಡ ಗರ್ಭಿಣಿಯರಿಗೆ ಹಣದ ನೆರವು ನೀಡುವ ಯೋಜನೆಗೆ ಅವರ ಹೆಸರನ್ನೇ ಇಟ್ಟಿದೆ. ಅವರು ಹುಟ್ಟಿದ ಜುಲೈ 30ನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಆಸ್ಪತ್ರೆಯ ದಿನವಾಗಿ ಆಚರಿಸಬೇಕೆಂದು 2019ರಲ್ಲಿ ಆಜ್ಞೆಯಾಯಿತು.

ಅವರ ತರುವಾಯ ಕೃಷ್ಣಮೂರ್ತಿಯವರು 2010ರಲ್ಲಿ ತೀರಿಕೊಳ್ಳುವವರೆಗೂ, ಶಾಂತಾ ಅವರು 2021ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಆ ಸಂಸ್ಥೆಯನ್ನು ಬಿಟ್ಟು ಕದಲಲಿಲ್ಲ. ಶಾಂತಾ ಅವರು 1955ರಲ್ಲಿ ಆಸ್ಪತ್ರೆಯ ಆವರಣದಲ್ಲಿ ವಾಸಕ್ಕೆ ಬಂದವರು ಕೊನೆಯವರೆಗೂ ಅಲ್ಲಿಯೇ ಇದ್ದರು. 2005ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಹನ್ನೆರಡು ಹಾಸಿಗೆಗಳು ನಾನೂರನ್ನು ದಾಟಿದ್ದವು. ಬರುತ್ತಿದ್ದ ರೋಗಿಗಳಲ್ಲಿ ನೂರಕ್ಕೆ ಸುಮಾರು ಅರವತ್ತು ಮಂದಿಗೆ ಚಿಕಿತ್ಸೆ ಉಚಿತವಾಗಿ ಅಥವಾ ಕಡಮೆ ವೆಚ್ಚದಲ್ಲಿ ನಡೆಯುತ್ತಿತ್ತು. ಉಳಿದವರು ಕೊಟ್ಟ ಹಣ, ಸರ್ಕಾರದ ನೆರವು, ಸಾರ್ವಜನಿಕರ ದೇಣಿಗೆ, ಈ ಮೂರರಿಂದ ಆ ಅರವತ್ತು ಮಂದಿಯ ಲೆಕ್ಕವನ್ನು ತೀರಿಸುತ್ತಿದ್ದರು.